ತಡವಾಗಿ ಹತ್ತುತ್ತಿದ್ದ ಅಂಗಳದ ದೀಪ

ಕುರುಗೋಡಿನ ಈ ಮನೆಯಲ್ಲಿ ನನ್ನನ್ನು ಯಾರೂ ಹೊಡೆದವರಿಲ್ಲ, ಬೈದವರೂ ಇಲ್ಲ. ಕೇಳುತ್ತಾರೆ, ಅಷ್ಟೇ. ಎಲ್ಲಿಗೆ, ಯಾಕೆ, ಯಾರ ಜೊತೆ, ಯಾವಾಗ ವಾಪಸ್ಸು. ಒಂದು ಕಟ್ಟು ಕೊತ್ತಂಬರಿ ತರುವುದಕ್ಕೂ ಸೊಸೆಯಾದವಳು ಇಷ್ಟಕ್ಕೆಲ್ಲ ಉತ್ತರ ಹೇಳಬೇಕು. ಸುಮ್ಮನೆ ಹೋಗಿ ಬರುತ್ತೇನೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಸುಮ್ಮನೆ ಹೋಗಲು ನನಗಿದ್ದ ಒಂದೇ ದಾರಿ ಅಂಗಳದ ಸೋಡಿಯಂ ದೀಪ. ಸಿರುಗುಪ್ಪದಲ್ಲಿ ಸಂಬಂಧಿಕರ ಅಕ್ಕಿ ಗಿರಣಿ ಮುಚ್ಚಿದಾಗ, ಈಗ ತೀರಿಹೋಗಿರುವ ಮಾವನವರು ಬಿಚ್ಚಿಸಿ ತಂದು ಕಂಬಕ್ಕೆ ಹಾಕಿಸಿದ್ದರು. ಅದರ ಹಳದಿ ಬೆಳಕಿನಲ್ಲಿ ಇರುವೆ ಹರಿದರೂ ಕಟ್ಟೆಯ ಮೇಲೆ ಕೂತ ಅತ್ತೆಗೆ ಕಾಣುತ್ತಿತ್ತು. ಆದರೆ ಆ ಜಾತಿಯ ದೀಪಕ್ಕೆ ಒಂದು ಗುಣ. ಕರೆಂಟು ಹೋಗಿ ಬಂದರೆ ತಕ್ಷಣ ಹತ್ತುವುದಿಲ್ಲ. ಒಳಗಿನ ಬಿಸಿ ಆರಬೇಕು, ಆಮೇಲೂ ಮಂಕಾಗಿ ಶುರುವಾಗಿ ನಿಧಾನಕ್ಕೆ ಬೆಳಕಾಗಬೇಕು.

ಸಂಜೆ ಕರೆಂಟು ಹೋದರೆ ನಾನು ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಬೇವಿನ ಮರ ಬಳಸಿ, ಗೇಟು ದಾಟಿ ಬಾದನಹಟ್ಟಿ ರಸ್ತೆಯಲ್ಲಿ ನಡೆಯುತ್ತಿದ್ದೆ. ತಲೆಯ ಮೇಲೆ ಸೆರಗಿಲ್ಲ, ಕೈಯಲ್ಲಿ ಚೀಲವಿಲ್ಲ. ಎಲ್ಲಿಗೂ ಅಲ್ಲ. ಮನೆಯ ಕಿಟಕಿಗಳು ಬೆಳಗಿದರೆ ತಿರುಗಿ ಹೊರಡುವ ಹೊತ್ತು. ಕಂಬದ ದೀಪ ಕಣ್ಣು ಬಿಡುವಷ್ಟರಲ್ಲಿ ಅಡುಗೆಮನೆ ಸೇರಿರುತ್ತಿದ್ದೆ. ಮದುವೆಯಾದ ಮೇಲೆ ನನ್ನದು ಅನ್ನುವಂಥದ್ದು ಅದೊಂದೇ ಇತ್ತು.

ಈ ಬೇಸಿಗೆಯಲ್ಲಿ ದೀಪದ ಚೋಕ್ ಸುಟ್ಟುಹೋಯಿತು. ಬಳ್ಳಾರಿಗೆ ಹೊರಟಿದ್ದ ಗಂಡನಿಗೆ ಅದನ್ನು ಬಿಚ್ಚಿಕೊಟ್ಟು ಅಂಥದೇ ತನ್ನಿ ಎಂದೆ. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳು. ಆ ಓದೆಲ್ಲ ಈ ಮನೆಯ ಮಿಕ್ಸರ್ ರಿಪೇರಿಗೆ ಮೀಸಲು. ಅವರು ತಂದದ್ದು ಮಾತ್ರ ಒಂದು ಎಲ್‌ಇಡಿ ಬಲ್ಬು, ಒಂದು ಸಾದಾ ಹೋಲ್ಡರ್.

“ಚೋಕ್ ಯಾರ್ ಇಡ್ತಾರ ಈಗ? ಇದನ್ನ ಹಾಕು, ಒತ್ತಿದ ಕೂಡ್ಲೇ ಹತ್ತತೈತಿ,” ಎಂದರು.

ಒತ್ತಿದ ಕೂಡಲೇ ಹತ್ತುವುದೇ ನನಗೆ ಬೇಡವಾಗಿತ್ತು. ಬಾಯಿಬಿಟ್ಟು ಹೇಳುವುದು ಹೇಗೆ? ಹಳೆಯ ಬೆಳಕೇ ಕಣ್ಣಿಗೆ ಹಿತ ಎಂದೆ. ಆ ಬೆಳಕಿನಲ್ಲಿ ಹಸಿರು ಸೀರೆಯೂ ಕಂದು ಕಾಣುತ್ತದೆಂದು ಗೊಣಗಿದವಳು ನಾನೇ ಎಂದು ಅತ್ತೆ ನೆನಪಿಸಿದರು. ನನಗೆ ಬರದಿದ್ದರೆ ಬೇರೆಯವರನ್ನು ಕರೆಸುವುದಾಗಿ ಗಂಡ ಹೇಳಿದಾಗ ಮೈ ಉರಿಯಿತು. ನನಗೆ ಬರದಿದ್ದರೆ ಅಂತೆ.

ಮರುದಿನ ಮೇನ್ ಆಫ್ ಮಾಡಿ ಏಣಿ ಹತ್ತಿದೆ. ದೀಪ ಹೊತ್ತಿಸುವ ಇಗ್ನೈಟರ್ ತೆಗೆದೆ. ಕೆಪಾಸಿಟರಿನಲ್ಲಿ ಉಳಿದಿದ್ದ ಕರೆಂಟು ಇಳಿಸಿ ಅದನ್ನೂ ತೆಗೆದೆ. ದಪ್ಪನೆಯ ಪಿಂಗಾಣಿ ಹೋಲ್ಡರ್ ಹೋಯಿತು. ಎರಡು ತಂತಿಗಳನ್ನು ನೇರ ಹೊಸ ಹೋಲ್ಡರಿಗೆ ಕೊಟ್ಟೆ. ಅರೆಮನಸ್ಸಿನಿಂದ ಶುರು ಮಾಡಿದ್ದು, ಸ್ಕ್ರೂಡ್ರೈವರ್ ಹಿಡಿದ ಮೇಲೆ ಖುಷಿಯೇ ಆಯಿತು. ಒಂದು ತಂತಿ ಸಡಿಲ ಬಿಟ್ಟಿದ್ದರೆ ಸಾಕಿತ್ತು, ದೀಪ ಕೈಕೊಡುತ್ತಿತ್ತು. ಆದರೆ ಕೆಟ್ಟ ಕೆಲಸ ನನ್ನ ಕೈಗೆ ಒಗ್ಗುವುದಿಲ್ಲ. ಬಿಗಿಯಾಗಿಯೇ ಕೂರಿಸಿ ಇಳಿದೆ.

ಒಂದೆರಡು ದಿನ ಬಿಟ್ಟು ಸಂಜೆ ಕರೆಂಟು ಹೋಯಿತು. ಗೊತ್ತಿದ್ದೂ ಹಿತ್ತಲಿಗೆ ನಡೆದೆ. ಗೇಟಿನ ತನಕ ಹೋಗಿ ಬಂದರೂ ಸಾಕು ಅನ್ನಿಸಿತ್ತು. ಗೇಟಿನ ಚಿಲಕಕ್ಕೆ ಕೈ ಹಾಕಿದ್ದೆ, ಅಷ್ಟರಲ್ಲಿ ಕಿಟಕಿಗಳೂ ಕಂಬವೂ ಒಟ್ಟಿಗೇ ಬೆಳಗಿದವು. ಹೆಗಲಿಗೆ ಜಾರಿದ ಸೆರಗು ಎಳೆದುಕೊಳ್ಳುವುದಕ್ಕೂ ಪುರುಸೊತ್ತು ಸಿಗಲಿಲ್ಲ.

ಅತ್ತೆ ಕಟ್ಟೆಯಿಂದ ನೋಡಿದರು. ಎಲ್ಲಿಗೆ ಎಂದು ಕೇಳುತ್ತಾರೆಂದು ಗಾಬರಿಯಾಗಿ ಉತ್ತರ ಹುಡುಕಿದೆ. ಅವರು ಕೇಳಲಿಲ್ಲ. ದೀಪ ನೋಡಲಿಕ್ಕೆಂದೇ ನಾನು ಅಲ್ಲಿಗೆ ಹೋಗಿದ್ದೇನೆ ಎಂದುಕೊಂಡರೋ ಏನೋ, ಮುಖ ಅರಳಿತು.

“ಎಷ್ಟ್ ಚಲೋ ಮಾಡೀಯವಾ. ಗೇಟಿನ ಚಿಲ್ಕಾನೂ ಕಾಣ್ತೈತಿ ನೋಡು ಇಲ್ಲಿಂದ.”

ಈ ಮನೆಯಲ್ಲಿ ನನ್ನ ಓದನ್ನು ಒಬ್ಬರು ಮೆಚ್ಚಿದ್ದು ಅದೇ ಮೊದಲು. ಹೌದ್ರೀ ಅತ್ತಿ ಎಂದು ಒಳಗೆ ಬಂದೆ.