ಸೊಪ್ಪಿಗೆ ಚಿಮುಕಿಸಿದ ಕ್ಯಾಪ್ಸೂಲ್

ನಮ್ಮವ್ವನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಹೆತ್ತವಳ ಬಗ್ಗೆ ಹೀಗೆ ಬರೆಯಬಾರದು ಅನ್ನುವವರು ಅವಳ ಎಡಗೈ ನೋಡಿ ಬಂದು ಮಾತಾಡಲಿ.

ಹೋದ ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕುಡುಗೋಲು ತಗುಲಿ ಅವಳ ತೋರುಬೆರಳು ಸೀಳಿತು. ಅರಿಶಿನ ಮೆತ್ತಿಕೊಂಡು ನಾಲ್ಕು ದಿನ ಓಡಾಡಿದಳು. ಕೀವು ತುಂಬಿದ ಮೇಲೆ ರಾಮನಗರದ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಏಳು ದಿನಕ್ಕೆ ಕ್ಯಾಪ್ಸೂಲ್ ಬರೆದು, ಒಂದೂ ಬಿಡಬಾರದು ಅಂತ ಎರಡೆರಡು ಸಲ ಹೇಳಿದರು. ಅವ್ವ ಹೂಂಗುಟ್ಟಿದಳು.

ಮೂರನೇ ದಿನ ಊತ ಇಳಿಯಿತು. ಅದೇ ಹೊತ್ತಿಗೆ ಮನೆಯಲ್ಲಿ ರೇಷ್ಮೆಹುಳಕ್ಕೆ ಸಪ್ಪೆ ರೋಗ ಬಂದು, ಗೂಡು ಕಟ್ಟಬೇಕಾದ ಹುಳಗಳು ತಟ್ಟೆಯಲ್ಲೇ ಮೆತ್ತಗಾಗಿ ಸಾಯುತ್ತಿದ್ದವು. ನಮ್ಮ ಮನೆಯಲ್ಲಿ ಇದಕ್ಕೊಂದು ಹಾಳು ರೂಢಿ: ಮನುಷ್ಯರ ಕ್ಯಾಪ್ಸೂಲ್ ಒಡೆದು, ನೀರಿಗೆ ಕಲಸಿ, ಸೊಪ್ಪಿನ ಮೇಲೆ ಚಿಮುಕಿಸುವುದು. ಅವ್ವ ಉಳಿದ ನಾಲ್ಕು ದಿನದ ಮದ್ದನ್ನು ಅದೇ ಗಾಯದ ಕೈಯಲ್ಲಿ ಕಲಸಿ ಹುಳಕ್ಕೆ ಹಾಕಿಬಿಟ್ಟಳು. ಕ್ಯಾಪ್ಸೂಲಿನ ಖಾಲಿ ಪಟ್ಟಿ ನೋಡಿದ ನಾನು, ನುಂಗಿದ್ದಾಳೆ ಅಂದುಕೊಂಡೆ.

ಹತ್ತು ದಿನಕ್ಕೆ ಬೆರಳು ಕಪ್ಪಗಾಗಿ, ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೀವಿನ ಪರೀಕ್ಷೆಯ ವರದಿ ಹಿಡಿದು ಡಾಕ್ಟರಮ್ಮ ಕೇಳಿದರು: "ಈ ಸೋಂಕು ಆ ಮದ್ದಿಗೆ ಬಗ್ಗುತ್ತಲೇ ಇಲ್ಲ. ಅರ್ಧಕ್ಕೆ ನಿಲ್ಲಿಸಿದರೆ, ಕಂಡಕಂಡದ್ದಕ್ಕೆಲ್ಲ ಬಳಸಿದರೆ ರೋಗಾಣುಗಳು ಮದ್ದಿಗೆ ಒಗ್ಗಿಹೋಗುತ್ತವೆ. ಬೇರೆ ಯಾವುದಕ್ಕಾದರೂ ಬಳಸಿದ್ದೀರಾ?"

"ಇಲ್ಲ ಕಣವ್ವ. ಏಳು ದಿನಾನೂ ನಾನೇ ನುಂಗಿವ್ನಿ" ಅಂದಳು ಅವ್ವ.

ಮನೆಯಲ್ಲಿ ಹುಳಕ್ಕೆ ಬಳಸುವ ರೂಢಿ ನನಗೂ ಗೊತ್ತಿತ್ತು. ತೆಪ್ಪಗೆ ನಿಂತಿದ್ದೆ. ಹೊರಗಿನ ಬೆಂಚಿನ ಮೇಲೆ ಕೂತ ಮೇಲೆ ಅವಳು ನಿಜ ಬಾಯಿಬಿಟ್ಟಳು.

"ನಿಂಗೆ ಬೆರಳು ಬೇಡ್ವಾ? ಹುಳ ಸತ್ರೆ ಇನ್ನೊಂದು ಬೆಳೆ ತಗೀಬೋದಾಗಿತ್ತು. ಆಯಮ್ಮನ ತಾವ ಸುಳ್ಳು ಯಾಕೆ ಹೇಳ್ದೆ?" ಜನ ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ.

ಅವಳು ಸೆರಗಿನಲ್ಲಿ ಕೈ ಮುಚ್ಚಿಕೊಂಡು, ಮೆತ್ತಗೆ ಅಂದಳು: "ಒಸಿ ಮೆತ್ಗೆ ಮಾತಾಡಪ್ಪ. ಹುಳಕ್ಕೆ ಹಾಕಿವ್ನಿ ಅಂದ್ರೆ, ಪ್ರತಿ ಬೆಳೆಗೂ ತಂದ್ಕೊಡೋರು ಯಾರು ಅಂತ ಕೇಳಲ್ವಾ? ನಿನ್ನ ಹೆಸರು ಹೇಳ್ಬೇಕಾಗಿತ್ತಾ?"

ಮೂರು ವರ್ಷದಿಂದ ಪ್ರತಿ ಬೆಳೆಗೂ, ಡಾಕ್ಟರ ಚೀಟಿಯಿಲ್ಲದೆ, ಮೆಡಿಕಲ್ ಸ್ಟೋರಿನಿಂದ ಅದೇ ಕ್ಯಾಪ್ಸೂಲ್ ತಂದುಕೊಟ್ಟವನು ನಾನು. "ಚೆನ್ನಾಗಿ ಕಲಸವ್ವ, ಗಂಟು ಉಳಿಯಬಾರದು" ಅಂತ ಅವಳ ಬರಿಗೈಗೆ ಒಡೆದು ಸುರಿದವನೂ ನಾನೇ.

ಎದ್ದು ಒಳಗೆ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೆರಳು ತೆಗೆಯುವುದಕ್ಕೆ ಒಪ್ಪಿಗೆಯ ಕಾಗದ ಮುಂದಿಟ್ಟು, ಮಗ ಸಹಿ ಹಾಕಬೇಕು ಅಂದರು.