ಬಲಗಡೆ ಬೆಂಚಿನ ಗಂಗುಲಪ್ಪ

ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ಯಾರಿಗಾದರೂ ಸಾಕ್ಷಿ ಬೇಕಾದಾಗ ಮೊದಲು ನೆನಪಾಗುತ್ತಿದ್ದವನು ಗಂಗುಲಪ್ಪ. ಆದರೆ ಬೇರೆ ಯಾರೂ ಸಿಗದಿದ್ದಾಗ ಮಾತ್ರ ಅವನನ್ನು ಕರೆಯುತ್ತಿದ್ದರು. ಅವನು ನೋಡಿದ್ದಷ್ಟನ್ನೇ ಹೇಳುತ್ತಿದ್ದ. ಅದು ಸಾಮಾನ್ಯವಾಗಿ ಎರಡೂ ಕಡೆಯವರಿಗೆ ಸಾಲುತ್ತಿರಲಿಲ್ಲ. ಒಮ್ಮೆ ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ವಕೀಲರು, ತೋಟಕ್ಕೆ ನುಗ್ಗಿದ್ದು ಈ ಪ್ರತಿವಾದಿಯ ಎತ್ತೇ ಹೌದಲ್ಲವೇ ಎಂದು ಕೇಳಿದರು.

"ನಾನು ನೋಡಿದ್ದು ಎತ್ತಿನ ಹಿಂದಲ ಭಾಗ ಸ್ವಾಮಿ. ಮುಂದಲ ಭಾಗ ಯಾರ್ದೋ ನಂಗೆ ತಿಳೀದು," ಎಂದ ಗಂಗುಲಪ್ಪ.

ಕೇಸು ಬಿದ್ದುಹೋಯಿತು. ಎತ್ತಿನ ಮಾಲೀಕ ಸಂತೋಷದಿಂದ ಕಾಫಿ ಕೊಡಿಸಲು ಬಂದಾಗ, "ಹಿಂದಲ ಭಾಗ ನಿನ್ನ ಎತ್ತಿನ ಥರಾನೇ ಇತ್ತು ಕಣಪ್ಪ," ಎಂದು ಅವನಿಗೂ ಹೇಳಿದ. ಕಾಫಿ ಬರಲಿಲ್ಲ.

ಬಾವಿಯ ಕೆಳಗೆ ರೇಷ್ಮೆ ಸೊಪ್ಪಿನ ತೋಟ, ಮನೆಯ ತುಂಬ ಹುಳುವಿನ ತಟ್ಟೆಗಳು. ಗಂಗುಲಪ್ಪ, ಅವನ ಹೆಂಡತಿ ಚಿಕ್ಕವೆಂಕಟಮ್ಮ ಇಬ್ಬರೂ ಹುಳುವಿನ ಹೊತ್ತಿಗೆ ಏಳುತ್ತಿದ್ದರು, ಹುಳುವಿನ ಹೊತ್ತಿಗೆ ಮಲಗುತ್ತಿದ್ದರು. ಹುಳು ಸಾಕುವವರು ಊರು ಬಿಟ್ಟು ಹೋಗುವಂತಿಲ್ಲ. ಒಂದು ಬೆಳೆ ಗೂಡು ಕಟ್ಟಿ, ಇನ್ನೊಂದು ಬೆಳೆ ಮೊಟ್ಟೆಯೊಡೆಯುವ ನಡುವೆ ಸಿಕ್ಕಿದಷ್ಟೇ ಬಿಡುವು. ಅವನ ಗೂಡನ್ನು ಕೊಳ್ಳುತ್ತಿದ್ದವರು ಶಿಡ್ಲಘಟ್ಟದಲ್ಲಿ ನೂಲು ತೆಗೆಸುತ್ತಿದ್ದ ಖಾಜಾ ಪೀರ್ ಸಾಬರು. ಸಾಬರು ತಮಗೆ ಖಾಯಮ್ಮಾಗಿ ಗೂಡು ಹಾಕುವ ರೈತರನ್ನು ವರ್ಷಕ್ಕೊಮ್ಮೆ, ದಸರಾ ಕಳೆದ ಮೇಲೆ, ಬಾಡಿಗೆ ಬಸ್ಸಿನಲ್ಲಿ ಮೈಸೂರಿಗೆ, ಅಲ್ಲಿಂದ ಬಂಡೀಪುರದ ಕಾಡಿಗೆ ಕರೆದುಕೊಂಡು ಹೋಗುತ್ತಿದ್ದರು. ಖರ್ಚು ಅವರದೇ. ರೈತರು ಬೇರೆ ಕಡೆ ಗೂಡು ಕೊಡದಿರಲೆಂಬುದು ಒಂದು ಕಾರಣ. ಜೊತೆಗೆ ಜನ ಕಟ್ಟಿಕೊಂಡು ತಿರುಗುವುದು ಸಾಬರಿಗೆ ಇಷ್ಟವಾಗಿತ್ತು.

ಗಂಗುಲಪ್ಪ ಮೊದಲ ಸಲ ಹೋದದ್ದು 1961ರಲ್ಲಿ. ಕಾಡಿನೊಳಗೆ ಸುತ್ತಿಸುವ ಲಾರಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಉದ್ದನೆಯ ಬೆಂಚುಗಳಿದ್ದವು. ಒಂದು ಸಾಲಿನವರಿಗೆ ಎಡಗಡೆಯ ಕಾಡು, ಇನ್ನೊಂದು ಸಾಲಿನವರಿಗೆ ಬಲಗಡೆಯ ಕಾಡು. ಅವನಿಗೆ ಬಲಗಡೆ ಸಿಕ್ಕಿತು. ಜಿಂಕೆ, ನವಿಲು, ದೂರದಲ್ಲಿ ಒಂದು ಕಾಟಿ ಕಂಡವು. ಇದಕ್ಕಾ ಇಷ್ಟು ದೂರ ಬಂದದ್ದು ಎಂದು ಉಳಿದವರು ಗೊಣಗಿದರು. ಗಂಗುಲಪ್ಪ ಊರಿಗೆ ಬಂದ ಮೇಲೂ ಏನೂ ಹೇಳಲಿಲ್ಲ. ಹೊಸ ಬೆಳೆಯ ಮರಿಗಳಿಗೆ ಸೊಪ್ಪು ಹೆಚ್ಚುತ್ತಿದ್ದಾಗ ಒಂದು ದಿನ ತಾನಾಗಿಯೇ, "ಅಲ್ಲಿ ಬಿಸಿಲು ಸೀದಾ ನೆಲಕ್ಕೆ ಬೀಳಲ್ಲ ಕಣೇ. ಎಲೆ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಆಮೇಲೆ ಇಳಿಯುತ್ತೆ," ಎಂದ.

"ಸೊಪ್ಪು ಸಣ್ಣಗೆ ಹೆಚ್ಚಿ," ಎಂದಳು ಚಿಕ್ಕವೆಂಕಟಮ್ಮ.

ಮುಂದಿನ ದಸರಾದವರೆಗೆ ಅವನು ಕಾಯುತ್ತಿದ್ದುದು ಅದೊಂದಕ್ಕೇ. ಆದರೆ ಆ ಬೇಸಿಗೆಯಲ್ಲಿ ಚಿಂತಾಮಣಿಯ ಆವುಲಪ್ಪ ಎಂಬ ಗೂಡಿನ ವ್ಯಾಪಾರಿ ತಾನೂ ಒಂದು ಬಸ್ಸು ಮಾಡಿ ತನ್ನ ರೈತರನ್ನು ಅದೇ ಕಾಡಿಗೆ ಕರೆದೊಯ್ದ. ಅವರು ಹುಲಿ ನೋಡಿ ಬಂದರು. ನೋಡಿದೆವೆಂದು ಹೇಳಿದರು ಎನ್ನುವುದು ಹೆಚ್ಚು ಸರಿ. ಸಾಬರ ರೈತರಲ್ಲಿ ಕೆಲವರು ಆವುಲಪ್ಪನ ಕಡೆ ಗೂಡು ತಿರುಗಿಸಿದರು. ಬೆಲೆ ಎರಡೂ ಕಡೆ ಒಂದೇ ಇತ್ತು. ಸಾಬರು ಬೇಸರದಿಂದ, ಈ ಸಲ ನಮ್ಮವರಿಗೂ ಹುಲಿ ತೋರಿಸಿಯೇ ತೋರಿಸುತ್ತೇನೆ ಎಂದು ಸಂತೆಯಲ್ಲಿ ಮಾತು ಕೊಟ್ಟುಬಿಟ್ಟರು. ಹುಲಿಯನ್ನು ಯಾರೂ ಕೇಳಿರಲಿಲ್ಲ.

1962ರ ಸುತ್ತಿನಲ್ಲಿ ಜಿಂಕೆಯೂ ಕಡಿಮೆ. ಸಂಜೆ ಲಾರಿ ಒಂದು ತಿರುವಿನಲ್ಲಿ ನಿಂತಿತು. ಎಡಗಡೆ ಬೆಂಚಿನವರು ಪೊದೆಗಳನ್ನು ದಿಟ್ಟಿಸುತ್ತಿದ್ದರು. ಗಂಗುಲಪ್ಪ ಕೂತಿದ್ದ ಬಲಗಡೆ ಕಣಿವೆ, ಕಣಿವೆಯಾಚೆ ಗುಡ್ಡ. ಗುಡ್ಡದ ನೆತ್ತಿಯಿಂದ ಮಳೆ ಇಳಿದು ಬರುತ್ತಿತ್ತು. ಇತ್ತ ಇನ್ನೂ ಬಿಸಿಲು. ಮೊದಲು ಗುಡ್ಡದ ಹಸಿರು ಬೂದುಬಣ್ಣವಾಯಿತು, ಆಮೇಲೆ ಕಣಿವೆಯ ಬಿದಿರು ಒಂದೊಂದೇ ಮೆಳೆ ತಲೆ ಬಗ್ಗಿಸಿತು, ಆಮೇಲೆ ತೇಗದ ಎಲೆಗಳ ಮೇಲೆ ಸದ್ದು ಶುರುವಾಯಿತು. ಕೊನೆಯ ಜ್ವರ ಎದ್ದು, ಎಂದರೆ ಕೊನೆಯ ಪೊರೆ ಬಿಟ್ಟು, ಹಸಿದ ಹುಳುಗಳು ತಟ್ಟೆಯ ತುಂಬ ಸೊಪ್ಪು ತಿನ್ನುವ ಸದ್ದು ಅದು. ಆ ಸದ್ದಿಗೆ ಎಷ್ಟು ದೊಡ್ಡ ಮನೆ ಬೇಕಾದೀತೆಂದು ಅವನು ಯೋಚಿಸುತ್ತಿರುವಾಗಲೇ ಹನಿ ಮುಖಕ್ಕೆ ಬಿತ್ತು. ಹಿಂದೆ ಯಾರೋ ಬೈದುಕೊಂಡರು. ಲಾರಿ ಹೊರಟಿತು.

ವಾಪಸು ಬರುವಾಗ ದೇವನಹಳ್ಳಿ ದಾಟಿದ ಮೇಲೆ ಬಸ್ಸಿನಲ್ಲಿ ಮಾತು ಶುರುವಾಯಿತು. ಬರಿಗೈಯಲ್ಲಿ ಊರಿಗೆ ಹೋಗುವುದು ಸಾಧ್ಯವಿಲ್ಲ ಎಂಬುದರಲ್ಲಿ ಎಲ್ಲರೂ ಒಂದೇ. ಆ ತಿರುವಿನಲ್ಲಿ, ಎಡಗಡೆ, ಪೊದೆಯಿಂದ ಹುಲಿ ಬಂದು ದಾಟಿತು ಎಂದಾಯಿತು. ಎಷ್ಟು ಉದ್ದ ಎನ್ನುವುದರಲ್ಲಿ ತಕರಾರು ಬಂತು. ಬಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ ರೈತ ಮುನಿಶಾಮಪ್ಪ ಹೆಗಲ ಮೇಲಿನ ಟವೆಲನ್ನು ಹಾಸಿ ಹಿಡಿದ. ಅದರ ಕೆಳಗೆ ಖಾಜಾ ಪೀರ್ ಸಾಬರು ಕೈಯಿಟ್ಟರು. ಗೂಡಿನ ವ್ಯಾಪಾರದಲ್ಲಿ ಬೆಲೆ ಮಾತಾಡುವ ಹಾಗೆ ಇಬ್ಬರೂ ಬೆರಳು ಹಿಡಿದು, ಬಿಟ್ಟು, ಮತ್ತೆ ಹಿಡಿದರು. ಬಸ್ಸಿನವರೆಲ್ಲ ಟವೆಲನ್ನೇ ನೋಡುತ್ತಿದ್ದರು.

"ಹತ್ತಕ್ಕೆ ಒಪ್ಪಲ್ಲ ಸಾಬ್ರೇ," ಎಂದ ಮುನಿಶಾಮಪ್ಪ ಕೊನೆಗೆ. "ಒಂಬತ್ತಡಿ. ಬಾಲ ಸೇರಿ."

"ಆಯ್ತು, ಬಾಲ ಸೇರಿ," ಎಂದರು ಸಾಬರು.

ಆಮೇಲೆ ಎಲ್ಲರೂ ಒಟ್ಟಿಗೆ ಗಂಗುಲಪ್ಪನ ಕಡೆ ತಿರುಗಿದರು.

"ನಾನು ನೋಡಿಲ್ಲ," ಎಂದ ಅವನು.

"ನಾವು ಮಾತ್ರ ನೋಡಿದ್ವಾ? ನಿನ್ನ ಬಾಯಿಗೆ ಹುಳ ಬೀಳ," ಎಂದ ಮುನಿಶಾಮಪ್ಪ. "ಊರಲ್ಲಿ ನಮ್ಮನ್ನ ಯಾವನೂ ಕೇಳಲ್ಲ ಕಣೋ. ನಿನ್ನನ್ನೇ ಕೇಳೋದು. ನೀನು ಇಲ್ಲ ಅಂದ್ರೆ ಹುಲಿ ಸತ್ತಂಗೆ."

ಸಾಬರು ಅವನ ಪಕ್ಕಕ್ಕೆ ಬಂದು ಕೂತರು. "ಗಂಗುಲಣ್ಣ, ನಿಮಗೆ ಸುಳ್ಳು ಹೇಳಿ ಅನ್ನಲ್ಲ. ಅನ್ನಬಾರದು. ಆದ್ರೆ ಇನ್ನೊಂದಿಷ್ಟು ಜನ ಆವುಲಪ್ಪನ ಕಡೆ ಹೋದ್ರೆ ಮುಂದಿನ ವರ್ಷ ಬಸ್ಸು ಮಾಡೋದಿಲ್ಲ ನಾನು. ಯಾರಿಗೆ ಅಂತ ಮಾಡಲಿ?"

ಬಸ್ಸಿಲ್ಲದೆ ಗಂಗುಲಪ್ಪನಿಗೆ ಆ ಕಾಡಿಗೆ ಹೋಗುವ ದಾರಿಯೇ ಇರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ನಿಂತಾಗ ಎಲ್ಲರೂ ಕಾಫಿಗೆ ಇಳಿದರು. ಅವನು ಇಳಿಯಲಿಲ್ಲ.

ಮರುದಿನ ಗೂಡಿನ ಸಂತೆಗೆ ಆವುಲಪ್ಪನೇ ಖುದ್ದಾಗಿ ಚಿಂತಾಮಣಿಯಿಂದ ಬಂದಿದ್ದ. ಒಂಬತ್ತಡಿ ಹುಲಿಯ ಸುದ್ದಿ ಅಷ್ಟು ಹೊತ್ತಿಗೆ ಮೂರು ಸುತ್ತು ತಿರುಗಿತ್ತು. ಆವುಲಪ್ಪ ಯಾರ ಹತ್ತಿರವೂ ನಿಲ್ಲದೆ ನೇರವಾಗಿ ಗಂಗುಲಪ್ಪನ ಮುಂದೆ ನಿಂತ. ಸುತ್ತ ಜನ ಸೇರಿದರು. ಸಾಬರು ಒಂದು ಗೂಡು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತ, ಅದನ್ನೇ ಕೇಳಿಸಿಕೊಳ್ಳುವವರಂತೆ ನಿಂತರು.

"ಏನು ಗಂಗುಲಪ್ಪನೋರೆ, ಹುಲಿ ಕಾಣಿಸ್ತಂತೆ?"

"ಎಡಗಡೆ ಅಂತಾರೆ," ಎಂದ ಗಂಗುಲಪ್ಪ.

"ಅಂತಾರೆ ಬಿಡಿ. ನೀವು ನೋಡಿದ್ರಾ?"

"ನಾನು ಬಲಗಡೆ ಬೆಂಚು. ನೋಡಿಲ್ಲ."

ಆವುಲಪ್ಪ ಸುತ್ತಲಿದ್ದವರ ಮುಖ ನೋಡಿ ನಕ್ಕ. "ಪಕ್ಕದಲ್ಲೇ ಹುಲಿ ದಾಟಿದ್ರೆ ಬೆಂಚು ಯಾವ್ದಾದ್ರೇನಪ್ಪ? ತಿರುಗಿ ನೋಡಲಿಲ್ವಾ?"

"ಇಲ್ಲ."

"ಯಾಕೆ?"

ಗಂಗುಲಪ್ಪ ಸ್ವಲ್ಪ ಯೋಚಿಸಿದ. ಕೇಳಿದ್ದಕ್ಕೆ ಉತ್ತರ ಅವನ ಹತ್ತಿರ ನಿಜವಾಗಿಯೂ ಇತ್ತು. "ಈ ಕಡೆ ಮಳೆ ಬರ್ತಿತ್ತು. ಗುಡ್ಡದಿಂದ ಇಳಿದು ಬರ್ತಿತ್ತು. ಅದನ್ನ ನೋಡ್ತಿದ್ದೆ. ಬಿದಿರು ಬಗ್ಗಿದ್ದು, ತೇಗದ ಎಲೆ ಸದ್ದು ಮಾಡಿದ್ದು ನೋಡಿದೀನಿ. ಬೇಕಾದ್ರೆ ಪ್ರಮಾಣ ಮಾಡ್ತೀನಿ."

ಸಂತೆಗೆ ಸಂತೆಯೇ ನಕ್ಕಿತು. ಒಂಬತ್ತಡಿ ಹುಲಿ ಬೆನ್ನ ಹಿಂದೆ ಹೋಗುತ್ತಿದ್ದರೆ ಮಳೆ ನೋಡುತ್ತ ಕೂತಿದ್ದನಂತೆ. ಅಂಥ ಮಾತನ್ನು ಯಾರೂ ಕಟ್ಟಿ ಹೇಳಲಾರರು ಎಂಬುದು ಆವುಲಪ್ಪನಿಗೂ ಗೊತ್ತಾಯಿತು. ಅಲ್ಲಿಗೆ ಹುಲಿ ಖಾಯಂ ಆಯಿತು. ಸಾಬರು ಗೂಡನ್ನು ಬುಟ್ಟಿಗೆ ಹಾಕಿದರು.

ಸಂಜೆಯೊಳಗೆ ಮಾತು ಮನೆಗೂ ಬಂತು. ಚಿಕ್ಕವೆಂಕಟಮ್ಮ ತಟ್ಟೆ ತೊಳೆಯುತ್ತಿದ್ದವಳು ಎದ್ದು ಬಂದಳು.

"ಬಾವಿ ಹತ್ರ ಹೆಂಗಸರೆಲ್ಲಾ ನಗಾಡ್ತಾವ್ರೆ. ನಿನ್ನ ಗಂಡನ ಕಣ್ಣು ಮಳೆಗೆ ಹೋಗಿತ್ತಾ ಅಂತ. ನಿಜ ಹೇಳಿ, ಹುಲಿ ಬಂದಿತ್ತಾ?"

"ನನಗೆ ಕಂಡಂಗೆ ಇಲ್ಲ. ಬಂದಿದ್ರೆ ಲಾರಿಯೋನು ಹೇಳ್ತಿದ್ದ."

"ಹಂಗಂತ ಹೇಳೋಕೇನಾಗಿತ್ತು ರೋಗ?"

"ಅದನ್ನ ಯಾರೂ ಕೇಳಲಿಲ್ಲ," ಎಂದ ಗಂಗುಲಪ್ಪ. ಎಂದೂ ಇಲ್ಲದ್ದು, ಅವನ ದನಿ ಸ್ವಲ್ಪ ಇಳಿದಿತ್ತು. ಹೇಳಿದ ಮಾತುಗಳೆಲ್ಲ ನಿಜ. ಹೇಳದೆ ಬಿಟ್ಟದ್ದು ಎದೆಯಲ್ಲಿ ಕೂತಿತ್ತು. "ಹೇಳಿದ್ರೆ ಬಸ್ಸು ನಿಲ್ತಿತ್ತು ಕಣೇ."

ಅವಳು ಅವನನ್ನು ನೋಡಿದಳು. ಇಪ್ಪತ್ತು ವರ್ಷದಲ್ಲಿ ಗಂಡ ತನಗಾಗಿ ಏನನ್ನಾದರೂ ಬೇಕೆಂದದ್ದು ಅವಳಿಗೆ ನೆನಪಿರಲಿಲ್ಲ. "ಅಷ್ಟು ಚೆನ್ನಾಗಿರ್ತದಾ ಅದು?" ಎಂದಳು.

"ಮ್."

"ನಗಾಡಿಕೊಳ್ಳಲಿ ಬಿಡಿ," ಎಂದು ತಟ್ಟೆ ತೊಳೆಯಲು ಹೋದಳು.

ವರ್ಷವಿಡೀ ಜನ ನಕ್ಕರು. ಮೋಡ ಕಟ್ಟಿದಾಗಲೆಲ್ಲ ಯಾರಾದರೊಬ್ಬರು, "ಗಂಗುಲಪ್ಪ, ಬೆನ್ನ ಹಿಂದೆ ನೋಡ್ಕೊ," ಎನ್ನುತ್ತಿದ್ದರು. ಅವನು ತಿರುಗಿ ನೋಡಿ, ಏನೂ ಇಲ್ಲ ಎಂದು ತಿಳಿಸುತ್ತಿದ್ದ.

1963ರಲ್ಲಿ ಬಸ್ಸು ತುಂಬಿತು. ಆವುಲಪ್ಪನ ಕಡೆ ಹೋದವರೂ ಮರಳಿದ್ದರು. ಬಂಡೀಪುರದಲ್ಲಿ ಲಾರಿ ಹತ್ತುವಾಗ ಮಂಡಿನೋವಿನ ಮುನಿಶಾಮಪ್ಪನನ್ನು ಕೆಳಗಿನಿಂದ ಎತ್ತಿ ಕೊಟ್ಟು ಗಂಗುಲಪ್ಪ ಕೊನೆಗೆ ಹತ್ತಿದ. ಬಲಗಡೆ ಬೆಂಚಿನ ಮೇಲೆ ಜನ ಒತ್ತೊತ್ತಾಗಿ ತುಂಬಿ ಕೂತಿದ್ದರು. ಎಡಗಡೆಯ ಬೆಂಚು ಪೂರ್ತಿ ಖಾಲಿ.

ಕಾಡಿನ ಗಾರ್ಡು ರೇಗಿದ. "ಎಲ್ಲಾ ಒಂದೇ ಕಡೆ ಕೂತ್ರೆ ಹೆಂಗ್ರೀ? ಹುಲಿ ಎಡಕ್ಕೆ ಬಂದ್ರೆ?"

"ಹುಲಿ ಹೋದ ವರ್ಷವೇ ನೋಡಾಯ್ತಲ್ಲ ಸ್ವಾಮಿ," ಎಂದ ಮುನಿಶಾಮಪ್ಪ, ಬಲಗಡೆ ನಡುವೆ ಕೂತು ಟವೆಲು ಸರಿಮಾಡಿಕೊಳ್ಳುತ್ತ. "ಈ ಕಡೇದು ಹುಲಿಗಿಂತ ಚೆನ್ನಾಗಿರ್ತದಂತೆ. ಇಲ್ದಿದ್ರೆ ಹುಲೀನ ಸುಮ್ನೆ ಬಿಡ್ತಿದ್ನಾ ಗಂಗುಲಪ್ಪ?"

ಲಾರಿ ಹೊರಟಿತು. ಹುಲಿಯ ಮಾತು ಯಾರೂ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಲಗಡೆಯಲ್ಲಿ ಮಾತೇ ನಿಂತಿತು. ಯಾರೋ ಒಬ್ಬರು ಮೆಲ್ಲಗೆ, ಅಗೋ ಮಂಜು, ಎಂದದ್ದಷ್ಟೇ ಕೇಳಿಸಿತು. ಖಾಜಾ ಪೀರ್ ಸಾಬರು ಬಾಗಿಕೊಂಡು, ಎಡಗಡೆ ಬೆಂಚಿನಲ್ಲಿ ಒಬ್ಬನೇ ಕೂತಿದ್ದ ಗಂಗುಲಪ್ಪನ ಹತ್ತಿರ ಬಂದರು.

"ಇದೇನಣ್ಣ, ನಿಮಗೇ ಜಾಗ ಇಲ್ದಂಗಾಯ್ತು. ಒಬ್ಬನ್ನ ಎಬ್ಬಿಸ್ಲಾ?"

"ಬೇಡಿ ಸಾಬ್ರೇ, ಕೂತ್ಕೊಳ್ಳಿ," ಎಂದು ಗಂಗುಲಪ್ಪ ಬೆಂಚಿನ ಮೇಲೆ ಸರಿದು ಜಾಗ ಮಾಡಿದ. "ಈ ಕಡೇದು ನಾನಿನ್ನೂ ನೋಡಿಲ್ಲ."