ಓಡುತ್ತಲೇ ಹತ್ತಬೇಕಿದ್ದ ಬೈಕು

ಹೊಸ ಬ್ಯಾಟರಿಗೆ ಸಾವಿರದ ಆರುನೂರು, ಮೆಕ್ಯಾನಿಕ್ ಮನೆಗೆ ಬಂದದ್ದಕ್ಕೆ ನೂರೈವತ್ತು. ಕುಶಾಲನಗರದಲ್ಲಿ ಇವತ್ತು ನನ್ನ ಬೈಕು ಸ್ಟಾರ್ಟ್ ಆಗದೆ ನಿಂತದ್ದರ ಖರ್ಚು ಇಷ್ಟು.

"ತಳ್ಳೋಕೆ ಒಬ್ರು ಇದ್ದಿದ್ರೆ ಸಾಕಿತ್ತು ಸಾರ್," ಎಂದ ಮೆಕ್ಯಾನಿಕ್.

"ಅದನ್ನ ಯಾವ ಅಂಗಡೀಲಿ ಮಾರ್ತಾರಪ್ಪ?" ಎಂದೆ.

ಹಳೆ ಬ್ಯಾಟರಿಯ ಆಸಿಡ್ ವಾಸನೆ ಮೂಗಿಗೆ ಬಡಿಯಿತು.

ನಾನು ಚಿಕ್ಕವನಿದ್ದಾಗ ಅಪ್ಪ ಅಮ್ಮತ್ತಿ ಊರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯುವವರು. ಅವ್ವ ತೀರಿಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ರೈಟರ ಮಗನೆಂದು ಆಳುಗಳ ಲೈನ್ ಮನೆಯ ಮಕ್ಕಳು ನನ್ನನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ. ಆಳುಗಳ ಹಾಜರಿ ಕೂಗಿ ಕೂಗಿ ಮನೆಗೆ ಬರುವಷ್ಟರಲ್ಲಿ ಅಪ್ಪನ ಮಾತೆಲ್ಲ ಖಾಲಿ. ಆದರೆ ಅವರ ಬೈಕಿನ ಬ್ಯಾಟರಿ ಸತ್ತಿತ್ತು, ಹಾಗಾಗಿ ಬೆಳಿಗ್ಗೆ ನಾನು ಬೇಕಿತ್ತು. ಕಾಫಿ ಕಣದ ಪಕ್ಕದ ಇಳಿಜಾರಿನಲ್ಲಿ ಹಿಂದಿನಿಂದ ತಳ್ಳುತ್ತಿದ್ದೆ.

"ತಳ್ಳೋ! ತಿಂದ ಅಕ್ಕಿರೊಟ್ಟಿ ಎಲ್ಲೋಯ್ತು?"

ಇಂಜಿನ್ ಗುಡುಗಿದ ಕೂಡಲೇ, "ಹಾರೋ, ನಿಲ್ಸಿದ್ರೆ ಸತ್ತೋಯ್ತದೆ!"

ಓಡಿ ಹಾರಿ ಅವರ ಸ್ವೆಟರ್ ಹಿಡಿದುಕೊಳ್ಳುತ್ತಿದ್ದೆ. ಅಪ್ಪ ಗಟ್ಟಿಯಾಗಿ ನಗುತ್ತಿದ್ದರು. ದಿನಕ್ಕೆ ಅದೊಂದೇ ನಗು. ನಗುತ್ತಲೇ ನನ್ನನ್ನು ಸ್ಕೂಲಿಗೆ ಬಿಡುತ್ತಿದ್ದರು.

ಒಂದು ದಿನ ಎಸ್ಟೇಟಿನ ಸಾಹುಕಾರರು ಅಪ್ಪನ ಬೈಕಿಗೆ ಹೊಸ ಬ್ಯಾಟರಿ ಹಾಕಿಸಿಕೊಟ್ಟರು. ಮರುದಿನ ನಾನು ಏಳುವಷ್ಟರಲ್ಲಿ ಅಪ್ಪ ಹೊರಟುಹೋಗಿದ್ದರು. ಸ್ಕೂಲಿಗೆ ಒಬ್ಬನೇ ನಡೆದೆ.

"ಪಾಪ, ದಿನಾ ಅಷ್ಟು ಬೇಗ ಏಳ್ತಿದ್ದೆ. ಇನ್ಮೇಲೆ ಮಲ್ಕೊ ಮಗ," ಎಂದರು ಅಪ್ಪ ಸಂಜೆ, ಪ್ರೀತಿಯಿಂದಲೇ.

ಇವತ್ತು ಮೆಕ್ಯಾನಿಕ್ ಹೋದ ಮೇಲೆ ಗೇಟಿನ ಹತ್ತಿರ ನಿಂತು ಆ ಹಳೆಯ ಲೆಕ್ಕವನ್ನೂ ಕೂಡಿಸಿದೆ. ಸಾಹುಕಾರರಿಗೆ ಹೊತ್ತಿಗೆ ಸರಿಯಾಗಿ ಬರುವ ರೈಟರ್ ಸಿಕ್ಕರು. ಅಪ್ಪನಿಗೆ ಯಾರ ಹಂಗೂ ಇಲ್ಲದ ಬೈಕು ಸಿಕ್ಕಿತು. ನನಗೆ ಬೆಳಿಗ್ಗೆ ಒಂದು ಗಂಟೆ ಹೆಚ್ಚು ನಿದ್ದೆ ಸಿಕ್ಕಿತು.